ಯಾರ ಹೊಲದ ಮೇಲೆ ಯಾರ ಮನೆ

ಈ ಶುಕ್ರವಾರ ಬನಶಂಕರಿ ದೇವಸ್ಥಾನದ ಹತ್ತಿರ ಒಬ್ಬ ಅಜ್ಜಿ ನನ್ನ ಬಾಯಿ ಮುಚ್ಚಿಸಿದರು.

ಹತ್ತೂವರೆಗೆ ರಾಹುಕಾಲ. ದೀಪ ಹಚ್ಚುವವರ ನೂಕುನುಗ್ಗಲು. ಅಜ್ಜಿ ನಿಂಬೆಹಣ್ಣನ್ನು ಎರಡು ಹೋಳು ಮಾಡಿ, ರಸ ಹಿಂಡಿ, ಸಿಪ್ಪೆಯ ಬೆನ್ನಿಗೆ ಹೆಬ್ಬೆರಳು ಒತ್ತಿ ಒಳಗಿನದನ್ನು ಹೊರಕ್ಕೆ ಮಗುಚುತ್ತಿದ್ದರು. ಒಂದೇ ಒತ್ತಿಗೆ ಹಣತೆ ತಯಾರು. ಸುಮ್ನೆ ನೋಡ್ಕೊಂಡು ನಿಲ್ಲೋ ಜಾತಿ ನಂದಲ್ಲ.

"ಇಲ್ಲೇ ಸೆಕೆಂಡ್ ಸ್ಟೇಜಲ್ಲಿ ನಮ್ಮನೆ ಇತ್ತು ಅಜ್ಜಿ. ಕಾಂಪೌಂಡಲ್ಲಿ ಸೀಬೆ ಮರ, ಸಂಪಿಗೆ ಮರ. ಈಗ ಅಪಾರ್ಟ್‌ಮೆಂಟ್ ಬಂದಿದೆ. ನಮ್ಮೂರೇ ಹೋಯ್ತು."

"ಯಾವ ಕಡೆ?" ತಲೆ ಎತ್ತದೆ ಕೇಳಿದರು. ಕದಿರೇನಹಳ್ಳಿ ಕಡೆ ಅಂದೆ.

"ಅದು ನಮ್ಮ ಮಾವನ ರಾಗಿ ಹೊಲ ಕಣಮ್ಮ. ನೀವು ಬಂದ್ಮೇಲೆ ತಾನೆ ನಮ್ಮೂರು ಹೋಗಿದ್ದು? ಎಷ್ಟು ಜೊತೆ ಕೊಡ್ಲಿ?"

ಕೋಪ ಇಲ್ಲ, ಕೊಂಕೂ ಇಲ್ಲ. ಅದೇ ಉಸಿರಲ್ಲಿ ವ್ಯಾಪಾರ. ಬೈದಿದ್ದರೆ ವಾಸಿ ಇತ್ತು.

ನೀವು ಬಂದ್ಮೇಲೆ ತಾನೆ? ಬಸ್ಸಲ್ಲೂ ಅದೇ, ರಾತ್ರಿ ಪಾತ್ರೆ ತೊಳೆಯುವಾಗಲೂ ಅದೇ. ಮನಸ್ಸಲ್ಲೇ ವಾದ ಹೂಡಿದೆ. ನಮ್ಮಪ್ಪ ಯಾರದ್ದನ್ನೂ ಕಿತ್ಕೊಂಡವರಲ್ಲ. ಸಿಐಟಿಬಿಗೆ ಅರ್ಜಿ ಹಾಕಿ, ಕಂತು ಕಟ್ಟಿ ಸೈಟು ತಗೊಂಡ ಗುಮಾಸ್ತರು. 1976ರಲ್ಲಿ ಬಿಡಿಎ ಬರುವ ಮುಂಚೆ ಬಡಾವಣೆ ಮಾಡಿ ಸೈಟು ಹಂಚುತ್ತಿದ್ದದ್ದು ಅದೇ ಅಲ್ವಾ? ಎಲ್ಲ ಸರಿ. ಆದರೆ ಬಡಾವಣೆಗೆ ಜಾಗ ಆಕಾಶದಿಂದ ಉದುರಲಿಲ್ಲ.

ಹಳೇ ಬೆಂಗಳೂರಿನ ವಿಷಯ ಬಂದರೆ ನಮ್ಮ ಮನೆಯವರಷ್ಟು ಮಾತಾಡುವವರು ಯಾರೂ ಇಲ್ಲ. ಮೆಜೆಸ್ಟಿಕ್ ಬಸ್ ಸ್ಟ್ಯಾಂಡ್ ಧರ್ಮಾಂಬುಧಿ ಕೆರೆ, ಕಂಠೀರವ ಸ್ಟೇಡಿಯಂ ಸಂಪಂಗಿ ಕೆರೆ, ಎಲ್ಲ ಬಾಯಿಪಾಠ. ನೆಂಟರು ಬಂದರೆ ತೋರಿಸ್ಕೊಂಡು ಓಡಾಡುತ್ತೇವೆ. ನಮ್ಮ ಜಗಲಿ ಕೆಳಗೆ ಏನಿತ್ತು ಅಂತ ಒಬ್ಬರೂ ಕೇಳಿದ್ದಿಲ್ಲ. ಅಪ್ಪ "ಆವಾಗ ಇದೆಲ್ಲಾ ಬರೀ ಬಯಲು" ಅನ್ನುತ್ತಿದ್ದರು. ರಾಗಿ ಬೆಳೆಯೋ ಹೊಲವನ್ನ ಬಯಲು ಅಂತಾರಾ? ಊರಿನ ಮೆಟ್ರೊ, ಟ್ರಾಫಿಕ್ಕು, ಹೊರಗಿನಿಂದ ಬಂದವರು ಅಂತ ಬೈಯುವುದರಲ್ಲಿ ನಮ್ಮಕ್ಕ ಎಲ್ಲರಿಗಿಂತ ಮುಂದೆ. ಅಪ್ಪ ಬಂದದ್ದು ಹಾಸನದಿಂದ.

ಅಕ್ಕನಿಗೆ ಫೋನ್ ಮಾಡಿ ಹೇಳಿದೆ. "ಅವರಿಗೆ ಆವಾಗಲೇ ಪರಿಹಾರ ಕೊಟ್ಟಿರ್ತಾರೆ ಬಿಡೇ" ಅಂದಳು. ಹಾಗೆ ನೋಡಿದರೆ ಬಿಲ್ಡರ್ ನಮಗೂ ಕೊಟ್ಟ, ಅವಳ ಪಾಲಿನಲ್ಲಿ ಸರ್ಜಾಪುರ ರಸ್ತೆಯಲ್ಲಿ ಫ್ಲ್ಯಾಟ್ ಬಂತು. "ಆ ಫ್ಲ್ಯಾಟ್ ಜಾಗ ಯಾರ ಹೊಲ ಆಗಿತ್ತು, ವಿಚಾರಿಸಿದ್ದೀಯಾ?" ಅಂತ ಕೇಳಿದೆ.

ಕುಕ್ಕರ್ ಕೂಗ್ತಿದೆ ಅಂತ ಫೋನ್ ಇಟ್ಟಳು.