ಯಾವ ಕ್ವಾರ್ಟರ್ಸ್?

ಮಳೆ ಬಿಡದೆ ಸುರಿಯುವ ಆಟಿ ತಿಂಗಳಲ್ಲಿ ಘಟ್ಟ ಹತ್ತುವವರನ್ನು ನಮ್ಮ ಕಡೆ ಯಾರೂ ಜಾಣರೆನ್ನುವುದಿಲ್ಲ. ಕಳಸದಲ್ಲಿ ಚಿಕ್ಕಮ್ಮ ಹಾಸಿಗೆ ಹಿಡಿದಿರುವ ಸುದ್ದಿ ಬಂದಿದ್ದರಿಂದ ಈ ವಾರ ಹೋಗಲೇಬೇಕಾಯಿತು. ಕಾರ್ಕಳದಿಂದ ಹೊರಟು ಮಾಳ ದಾಟಿದ ಮೇಲೆ ಕಣ್ಣಿಗೆ ಕಂಡದ್ದು ಮಳೆ ಮಾತ್ರ. ಕುದುರೆಮುಖ ಶಿಖರ ಇರಬೇಕಾದ ಕಡೆ ಬಿಳಿ ಮಂಜು. ವರ್ಷಕ್ಕೆ 6,000 ಮಿಲಿಮೀಟರ್ ಮೀರಿ ಮಳೆ ಸುರಿಯುವ ಜಾಗವದು. ಶನಿವಾರ ಭಾನುವಾರ ಹಿಂಡುಹಿಂಡಾಗಿ ಬರುವ ಚಾರಣಿಗರಿಲ್ಲ, ಅವರನ್ನು ಹೊರುವ ಜೀಪುಗಳಿಲ್ಲ. ಕಬ್ಬಿಣದ ಗಣಿ ಕಂಪನಿ ತನ್ನ ಕೆಲಸಗಾರರಿಗಾಗಿ ಕಟ್ಟಿದ್ದ ಕುದುರೆಮುಖದ ಟೌನ್‌ಶಿಪ್ಪಿನಲ್ಲಿ ತೆರೆದಿದ್ದ ಒಂದೇ ಹೋಟೆಲಿನ ಮುಂದೆ ಭಾವ ಕಾರು ನಿಲ್ಲಿಸಿದರು.

ಹೋಟೆಲ್ ಎಂದರೆ ಎರಡು ಬೆಂಚು, ಒಂದು ಸೌದೆ ಒಲೆ. ಒಲೆಯ ಮೇಲೆ ಹಗ್ಗ ಕಟ್ಟಿ ಮಗುವೊಂದರ ಸಮವಸ್ತ್ರ ಒಣಗಲು ಹಾಕಿದ್ದರು. ಅಂಗಿಯ ತೋಳು ಒಣಗಿತ್ತು, ಕಾಲರು ಇನ್ನೂ ಹಸಿ. ಬನ್ಸ್ ಕರಿಯುತ್ತಿದ್ದ ಹೆಂಗಸು ನಡುನಡುವೆ ಕೈ ಒರೆಸಿಕೊಂಡು ಆ ಕಾಲರನ್ನು ಬೆಂಕಿಯ ಕಡೆಗೆ ತಿರುಗಿಸುತ್ತಿದ್ದರು. ಕಾಫಿ ತಂದಿಟ್ಟು ನನ್ನ ಮುಖವನ್ನೇ ನೋಡಿ ಕೇಳಿದರು:

"ನಿಮ್ಮದು ಯಾವ ಕ್ವಾರ್ಟರ್ಸ್ ಆಗಿತ್ತು?"

ನಾವು ಇಲ್ಲಿಯವರಲ್ಲ, ಕಳಸಕ್ಕೆ ಹೊರಟವರು ಎಂದೆ. ಅವರಿಗೆ ನಂಬಿಕೆ ಬರಲಿಲ್ಲ. "ಹಾಗಾದರೆ ತಂದೆ ಇದ್ದರೋ?" ಎಂದರು. ಅದೂ ಇಲ್ಲ ಎಂದಾಗ ಅವರ ಮುಖದಲ್ಲಿ ಸಣ್ಣ ನಿರಾಸೆ. ಮಳೆಗಾಲದಲ್ಲಿ ಇಲ್ಲಿ ಕಾರು ನಿಲ್ಲಿಸುವವರೆಲ್ಲ ಹಳೆಯ ಮನೆ ಹುಡುಕಿಕೊಂಡು ಬಂದವರೇ ಅಂತೆ. ಹುಡುಕುತ್ತಾರೆ, ಬಾಗಿಲು ಹೋಗಿರುವುದನ್ನು ನೋಡುತ್ತಾರೆ, ಫೋಟೊ ತೆಗೆಯುತ್ತಾರೆ. ಕೆಲವರು ಅಳುತ್ತಾರೆ. ಆಮೇಲೆ ಇಲ್ಲಿಗೆ ಬಂದು ಬನ್ಸ್ ತಿನ್ನುತ್ತಾರೆ. "ಅತ್ತವರು ಎರಡು ಹೆಚ್ಚಿಗೆ ತಿನ್ನುತ್ತಾರೆ" ಎಂದು ನಕ್ಕರು. ಅದನ್ನು ಕುಹಕ ಎನ್ನಲಾರೆ. ವ್ಯಾಪಾರ ಬಲ್ಲವರ ಗಮನಿಕೆ ಅದು.

ಕಾಫಿ ಮುಗಿಸಿ, ಛತ್ರಿ ಹಿಡಿದು ನಾನೂ ಒಂದು ಬೀದಿ ನಡೆದು ಬಂದೆ. ಸಾಲು ಮನೆಗಳು, ಒಂದೇ ಅಳತೆಯವು. ಗೋಡೆಯ ಮೇಲೆ ಬಣ್ಣದಲ್ಲಿ ಬರೆದ ಸಂಖ್ಯೆ ಇನ್ನೂ ಓದಲು ಸಿಗುತ್ತದೆ. ಅಡುಗೆಮನೆಯ ಕಿಟಕಿಯಿಂದ ಗಿಡವೊಂದು ಹೊರಗೆ ಕೊಂಬೆ ಚಾಚಿದೆ. ಮೆಟ್ಟಿಲ ಮೇಲೆ ಪಾಚಿ, ಪಾಚಿಯ ಮೇಲೆ ಇಂಬಳ. ವಾಪಸು ಬಂದಾಗ ಕಾಲ್ಬೆರಳ ಸಂದಿಯಲ್ಲೂ ಒಂದಿತ್ತು.

1975ರಲ್ಲಿ ಇಲ್ಲಿನ ಕಬ್ಬಿಣದ ಅದಿರಿಗಾಗಿ ಇರಾನಿನ ದೊರೆ ಷಾ ಜೊತೆ ಒಪ್ಪಂದವಾಗಿ, ಮರುವರ್ಷ ಗಣಿ ಕಂಪನಿ ಹುಟ್ಟಿತು. 1979ರ ಕ್ರಾಂತಿಯಲ್ಲಿ ಷಾ ಹೋದ, ಇರಾನಿನಿಂದ ಬರುತ್ತಿದ್ದ ದುಡ್ಡೂ ನಿಂತಿತು. ಗಣಿ ಮಾತ್ರ ನಡೆಯಿತು. ಅದಿರನ್ನು ಪುಡಿ ಮಾಡಿ, ನೀರು ಬೆರೆಸಿ, 67 ಕಿಲೋಮೀಟರ್ ಕೊಳವೆಯಲ್ಲಿ ಮಂಗಳೂರಿಗೆ ಇಳಿಸುತ್ತಿದ್ದರು. ಉಳಿದ ಕೆಸರು ಲಕ್ಯಾ ಅಣೆಕಟ್ಟಿನ ಹಿಂದೆ. 1987ರಲ್ಲಿ ಸುತ್ತಲಿನ ಕಾಡನ್ನು ರಾಷ್ಟ್ರೀಯ ಉದ್ಯಾನವೆಂದು ಘೋಷಿಸಿದರು. ಮಳೆಗಾಲದಲ್ಲಿ ಗಣಿಯ ಹೂಳು ಭದ್ರೆಗೆ ಇಳಿಯುತ್ತದೆ ಎಂಬುದು ಹೋರಾಟಗಾರರ ಮುಖ್ಯ ದೂರು. 2002ರಲ್ಲಿ ಸುಪ್ರೀಂ ಕೋರ್ಟಿನ ಆದೇಶ ಬಂತು, 2005ರ ಡಿಸೆಂಬರ್ ಕೊನೆಗೆ ಗಣಿ ನಿಂತಿತು. ನಿಂತದ್ದು ಸರಿಯೆಂದೇ ಆಗಲೂ ಅಂದುಕೊಂಡಿದ್ದೆ, ಈಗಲೂ ಅನ್ನುತ್ತೇನೆ. ತುಂಗೆ, ಭದ್ರೆ, ನೇತ್ರಾವತಿ ಮೂರೂ ಹುಟ್ಟುವ ಗಂಗಾಮೂಲದ ಪಕ್ಕದಲ್ಲಿ ಬೆಟ್ಟ ಅಗೆಯುವುದನ್ನು ಯಾವ ಲೆಕ್ಕದಿಂದಲೂ ಸಮರ್ಥಿಸಲು ನನಗೆ ಬರುವುದಿಲ್ಲ.

ಆದರೆ ಆ ಪ್ರಶ್ನೆ ಬಿಡುತ್ತಿಲ್ಲ. ಯಾವ ಕ್ವಾರ್ಟರ್ಸ್ ಆಗಿತ್ತು? ಚಿಕ್ಕಮ್ಮನ ಮಂಚದ ಪಕ್ಕ ಕೂತಾಗಲೂ ಅದೇ, ಮನೆಗೆ ಬಂದು ಒದ್ದೆ ಬಟ್ಟೆ ಹರಡುವಾಗಲೂ ಅದೇ. ಕಂಪನಿ ಕಟ್ಟಿದ ಊರಿನಲ್ಲಿ ಹುಟ್ಟಿದ ಮಕ್ಕಳಿಗೆ ಊರು ಯಾವುದು? ಅರ್ಜಿಯಲ್ಲಿ ಸ್ವಂತ ಊರೆಂದು ಅಪ್ಪನ ಹಳ್ಳಿಯ ಹೆಸರು ಬರೆದಿರುತ್ತಾರೆ. ಸೈಕಲ್ ಕಲಿತದ್ದು, ಮೊಣಕಾಲು ಕೆತ್ತಿಕೊಂಡದ್ದು ಇಲ್ಲಿ. ಅಣೆಕಟ್ಟಿನಲ್ಲಿ ಮುಳುಗಿದ ಊರಿನವರಿಗೆ ಕನಿಷ್ಠ ಜನರ ಮರುಕ ಸಿಗುತ್ತದೆ. ಇವರಿಗೆ ಅದೂ ಇಲ್ಲ, ಏಕೆಂದರೆ ಇವರ ಊರು ಹೋದದ್ದು ಒಳ್ಳೆಯ ಕಾರಣಕ್ಕೆ. ನನ್ನಂಥವರು ಅದನ್ನು ಗೆಲುವೆಂದು ಎಣಿಸಿದ್ದೇವೆ. ಗೆಲುವೇ ಹೌದು. ಮಳೆಯಲ್ಲಿ ಬಂದು ಸಂಖ್ಯೆ ಹುಡುಕುವವರಿಗೆ ಅದನ್ನು ಹೇಳುವುದಕ್ಕೆ ಮಾತ್ರ ಬಾಯಿ ಬರುವುದಿಲ್ಲ.

ದುಡ್ಡು ಕೊಡುವಾಗ ನಾನೇ ತಿರುಗಿಸಿ ಕೇಳಿದ್ದೆ: "ಅಕ್ಕಾ, ನಿಮ್ಮದು ಯಾವ ಕ್ವಾರ್ಟರ್ಸ್?"

"ನಮಗೆಲ್ಲಿ ಕೊಡುತ್ತಿದ್ದರು? ಅದು ಕೆಲಸದವರಿಗೆ. ನಾವು ಹೋಟೆಲಿನವರು."

ಕಾಫಿಯ ಲೋಟ ತೊಳೆಯುತ್ತ ಹೇಳಿದ ಮಾತು, ದೂರೇನೂ ಇರಲಿಲ್ಲ. ಮನೆ ಕೊಟ್ಟು ಕರೆತಂದವರು ಬೇರೆ ಬೇರೆ ಊರು ಸೇರಿದರು. ಯಾರೂ ಕರೆಯದೆ ಅವರ ಹಿಂದೆ ಬಂದವರು, ಹೋಟೆಲು, ಗೂಡಂಗಡಿ ಇಟ್ಟವರು, ಇಲ್ಲೇ ಉಳಿದಿದ್ದಾರೆ. ಅತ್ತು ಬರುವ ಹಳಬರಿಗೆ ಬನ್ಸ್ ಕೊಟ್ಟು, ಯಾವ ಸಾಲು ಯಾವ ಕಡೆ ಎಂದು ದಾರಿ ತೋರಿಸುವುದೂ ಅವರ ಕೆಲಸವಾಗಿದೆ.

ಕಾರು ಹತ್ತಿದ ಮೇಲೆ ಭಾವ ಶುರು ಮಾಡಿದರು. ಇಷ್ಟು ಮನೆ ಖಾಲಿ ಬಿಟ್ಟಿದ್ದಾರಲ್ಲ, ರಿಪೇರಿ ಮಾಡಿಸಿ ರೆಸಾರ್ಟ್ ಮಾಡಿದರೆ ಬೆಂಗಳೂರಿನವರು ಸಾಲು ನಿಲ್ಲುತ್ತಾರೆ ಎಂದರು. ಭಾವ ಒಳ್ಳೆಯವರು, ಖಾಲಿ ಜಾಗ ಕಂಡರೆ ಮಾತ್ರ ಅವರಿಗೆ ಸುಮ್ಮನಿರಲಾಗುವುದಿಲ್ಲ. ಇಲ್ಲಿ ಪ್ರವಾಸೋದ್ಯಮದ ಮಾತು ಗಣಿ ನಿಂತಾಗಿನಿಂದ ಇದೆ, ಹೊಸತೇನಲ್ಲ ಎಂದೆ. ಮತ್ತೆ ರಾಷ್ಟ್ರೀಯ ಉದ್ಯಾನದ ನಡುವೆ ಜನರೇಟರು, ಡಿಜೆ, ಪ್ಲಾಸ್ಟಿಕ್ಕು ತರುವುದಾದರೆ ಗಣಿ ಮುಚ್ಚಿಸಿದ್ದು ಯಾವ ಪುರುಷಾರ್ಥಕ್ಕೆ ಎಂದು ಸ್ವಲ್ಪ ಜೋರಾಗಿಯೇ ಕೇಳಿದೆ. "ಹಾಗಾದರೆ ಆ ಹೆಂಗಸು ಮಳೆಗಾಲದಲ್ಲಿ ಯಾರಿಗೆ ಬನ್ಸ್ ಮಾರಬೇಕು, ನೀನೇ ಹೇಳು" ಎಂದರು ಭಾವ. ಸಂಸೆ ಬರುವವರೆಗೂ ನನಗೆ ಉತ್ತರ ಹೊಳೆಯಲಿಲ್ಲ.