ಮಗುವಿಗೆ ಜ್ವರ, ಆಫೀಸಿಗೆ ಸೋಮವಾರ

ಬೆಳಗ್ಗೆ ಐದೂವರೆ. ಎರಡೂವರೆ ವರ್ಷದ ಚಿಕ್ಕವನು ಮುಲುಗುತ್ತಿದ್ದಾನೆ, ಹಣೆ ಸುಡುತ್ತಿದೆ. ದೊಡ್ಡವಳ ಸ್ಕೂಲ್ ವ್ಯಾನ್ ಎಂಟಕ್ಕೆ. ಒಂಬತ್ತೂವರೆಗೆ ಆಫೀಸು, ಅದೂ ಸೋಮವಾರ. ಮನೆಯಲ್ಲಿ ದೊಡ್ಡವರು ಅಂತ ಇರುವುದು ಒಬ್ಬರೇ. ಒಂಟಿಯಾಗಿ ಮಕ್ಕಳನ್ನು ಸಾಕುತ್ತಿರುವವರಿಗೆಲ್ಲ ಈ ಬೆಳಗು ಗೊತ್ತು. ಮದುವೆಮನೆಯಲ್ಲಿ ಕೇಳುವ ಚುಚ್ಚುಮಾತಿಗಿಂತ ಹೆಚ್ಚು ಹಿಂಡುವುದು ಇದೇ. ರಜೆ ಹಾಕಿದರೆ ಕೆಲಸಕ್ಕೆ ಮೋಸ ಮಾಡಿದಂತೆ, ಹೋದರೆ ಮಗುವಿಗೆ. ಇಬ್ಬರಿರುವ ಮನೆಯಲ್ಲಿ 'ಇವತ್ತು ನೀನು ಉಳಿ' ಎಂಬ ಜಗಳ ಹತ್ತು ನಿಮಿಷದಲ್ಲಿ ಮುಗಿಯುತ್ತದೆ. ಇಲ್ಲಿ ಎರಡೂ ಕಡೆಯ ವಾದ ಒಂದೇ ತಲೆಯೊಳಗೆ, ಸಂಜೆಯವರೆಗೂ.

ಈ ಗಿಲ್ಟ್‌ನ ಬಹುಪಾಲು ಹುಟ್ಟುವುದು ನಿದ್ದೆಗೆಟ್ಟ ಹೊತ್ತಿನಲ್ಲಿ ತೀರ್ಮಾನ ಮಾಡಬೇಕಾಗಿ ಬರುವುದರಿಂದ ಎಂಬುದು ನನ್ನ ಅನಿಸಿಕೆ. ಎಲ್ಲರೂ ಆರಾಮಾಗಿರುವ ಒಂದು ಭಾನುವಾರ ಕೂತು ಜ್ವರದ ದಿನದ ನಿಯಮಗಳನ್ನು ಒಂದು ಹಾಳೆಯಲ್ಲಿ ಬರೆದು ಫ್ರಿಜ್ ಬಾಗಿಲಿಗೆ ಅಂಟಿಸಿಟ್ಟರೆ, ಐದೂವರೆಗೆ ಯೋಚನೆ ಬೇಕಿಲ್ಲ, ಓದಿದಂತೆ ನಡೆದರೆ ಸಾಕು.

ಹಾಳೆಯ ಮೇಲ್ತುದಿಯಲ್ಲಿ ಮಗುವಿನ ತೂಕ ಇರಲಿ. ಪ್ಯಾರಾಸಿಟಮಾಲ್ ಲೆಕ್ಕ ವಯಸ್ಸಿಗಿಂತ ತೂಕದ ಮೇಲೆ ಹಾಕುವುದೇ ಸರಿ: ಕಿಲೋಗೆ 15 ಮಿಲಿಗ್ರಾಂ. 12 ಕಿಲೋ ಮಗುವಿಗೆ 180 ಮಿಲಿಗ್ರಾಂ. ಎಡವುವುದು ಇಲ್ಲೇ. ಸಿರಪ್ 5 ಎಂ.ಎಲ್.ಗೆ 120 ಮಿಲಿಗ್ರಾಂನದೂ ಬರುತ್ತದೆ, 250ರದೂ ಬರುತ್ತದೆ. ಮೊದಲನೆಯದರಲ್ಲಿ ಅದು ಏಳೂವರೆ ಎಂ.ಎಲ್., ಎರಡನೆಯದರಲ್ಲಿ ಬರೀ 3.6. ಮೆಡಿಕಲ್ ಶಾಪಿನವರು ಹೋದ ಸಲದ ಬಾಟಲಿ ಇಲ್ಲವೆಂದು ಇನ್ನೊಂದು ಕೊಟ್ಟಿದ್ದರೆ, ಹಳೇ ಅಳತೆಯಲ್ಲೇ ಹಾಕಿ ಡೋಸು ಎರಡರಷ್ಟಾಗುತ್ತದೆ. ಹಾಗಾಗಿ ಡಾಕ್ಟರ ಹತ್ತಿರ ಒಮ್ಮೆ ಲೆಕ್ಕ ಖಾತ್ರಿ ಮಾಡಿಕೊಂಡು ಬಾಟಲಿಯ ಮೇಲೇ ಮಾರ್ಕರ್‌ನಲ್ಲಿ ಬರೆಯಿರಿ. ಅಡುಗೆಮನೆಯ ಚಮಚ ಬೇಡ, ಸಿರಿಂಜೋ ಅಳತೆ ಮುಚ್ಚಳವೋ ಇರಲಿ. ಎರಡು ಡೋಸುಗಳ ನಡುವೆ ಕನಿಷ್ಠ ನಾಲ್ಕು ಗಂಟೆ, ದಿನಕ್ಕೆ ನಾಲ್ಕಕ್ಕಿಂತ ಹೆಚ್ಚಿಲ್ಲ. ಕೊಟ್ಟ ಸಮಯವನ್ನು ಹಾಳೆಯಲ್ಲೇ ಗುರುತು ಹಾಕಿ. 'ಎರಡೂವರೆಗೆ ಕೊಟ್ಟೆನಾ, ನಾಲ್ಕಕ್ಕಾ?' ಎಂದು ಕೇಳಲು ಮನೆಯಲ್ಲಿ ಇನ್ನೊಬ್ಬರಿಲ್ಲವಲ್ಲ.

ಯಾವಾಗ ಓಡಬೇಕು ಎಂಬುದನ್ನೂ ಮೊದಲೇ ಬರೆದಿಡಿ. ಮೂರು ತಿಂಗಳೊಳಗಿನ ಕೂಸಿಗೆ 100.4 ಡಿಗ್ರಿ ಮುಟ್ಟಿದರೆ ಕಾಯುವಂತಿಲ್ಲ. ಅದಕ್ಕಿಂತ ದೊಡ್ಡ ಮಕ್ಕಳಲ್ಲಿ ಉಸಿರಾಡುವಾಗ ಪಕ್ಕೆ ಒಳಸೇದುವುದು, ಆರೆಂಟು ಗಂಟೆ ಉಚ್ಚೆ ಹೋಗದಿರುವುದು, ಎಬ್ಬಿಸಿದರೂ ಸರಿಯಾಗಿ ಏಳದಿರುವುದು, ಫಿಟ್ಸ್, ಮೂರು ದಿನ ದಾಟಿದ ಜ್ವರ. ಫಿಟ್ಸ್ ಬಂದರೆ ಮಗ್ಗುಲಿಗೆ ಮಲಗಿಸಿ 108ಕ್ಕೆ ಫೋನ್ ಮಾಡಿ. ಬಾಯಿಗೆ ಏನೂ ಹಾಕಬೇಡಿ, ಕೈಗೆ ಕಬ್ಬಿಣದ ಬೀಗದಕೈ ಹಿಡಿಸುವುದರಿಂದ ಏನೂ ಪ್ರಯೋಜನವಿಲ್ಲ. ಮಳೆಗಾಲದ ಬೆಂಗಳೂರಿನಲ್ಲಿ ಡೆಂಗ್ಯೂ ಸಂಶಯ ಇದ್ದೇ ಇರುತ್ತದೆ. ಅದು ಅಲ್ಲವೆಂದು ಖಾತ್ರಿಯಾಗುವವರೆಗೆ ಐಬುಪ್ರೊಫೆನ್ ಎಂಬ ಇನ್ನೊಂದು ಜ್ವರದ ಔಷಧಿ ಬೇಡ. ಜ್ವರ ಇಳಿದ ಮೇಲೆ ಮಗು ಇನ್ನೂ ಸುಸ್ತಾದರೆ, ಹೊಟ್ಟೆನೋವು ಅಂದರೆ, ಬಿಡದೆ ವಾಂತಿ ಮಾಡಿಕೊಂಡರೆ ತಕ್ಷಣ ಆಸ್ಪತ್ರೆಗೆ. ಈ ಪಟ್ಟಿ ಗೋಡೆಯ ಮೇಲಿದ್ದರೆ, ಪಟ್ಟಿಯಲ್ಲಿ ಇಲ್ಲದ್ದಕ್ಕೆಲ್ಲ ಎದೆ ಹೊಡೆದುಕೊಳ್ಳುವುದು ಕಡಿಮೆಯಾಗುತ್ತದೆ.

ಇನ್ನು ಎಲ್ಲರಿಗೂ ಆಸೆ ಹುಟ್ಟಿಸುವ ದಾರಿ: ಏಳೂವರೆಗೆ ಔಷಧಿ ಕೊಟ್ಟು, ಜ್ವರ ಇಳಿಸಿ, ಡೇ ಕೇರ್‌ಗೆ ಬಿಟ್ಟು ಬರುವುದು. ಇದನ್ನು ಮಾಡುವವರು ಕೆಟ್ಟವರೇನಲ್ಲ. ಆದರೆ ಲೆಕ್ಕ ಹೊಂದುವುದಿಲ್ಲ. ಔಷಧಿ ಕೆಲಸ ಮಾಡುವುದು ನಾಲ್ಕರಿಂದ ಆರು ಗಂಟೆ. ಹನ್ನೊಂದೂವರೆಯ ಹೊತ್ತಿಗೆ ಫೋನ್ ಬರುತ್ತದೆ, ಮೀಟಿಂಗ್ ಮಧ್ಯೆ ಎದ್ದು ಆಟೋ ಹುಡುಕಬೇಕು, ಡೇ ಕೇರ್ ಆಂಟಿಯ ಮುಖವನ್ನೂ ಎದುರಿಸಬೇಕು. ಅರ್ಧ ದಿನದ ರಜೆ ಹೇಗೂ ಹೋಯಿತು, ಜೊತೆಗೆ ನಂಬಿಕೆಯೂ. ಬೆಳಗ್ಗೆಯೇ ರಜೆ ಹಾಕುವುದು ಅಗ್ಗ.

ರಜೆಯ ಮೆಸೇಜು ಮೂರು ವಾಕ್ಯ ದಾಟದಿರಲಿ. "ಮಗನಿಗೆ 102 ಜ್ವರ, ಇವತ್ತು ರಜೆ ಬೇಕು. ಹನ್ನೊಂದರ ಮೀಟಿಂಗಿನ ಫೈಲ್ ಕಳಿಸಿದ್ದೇನೆ. ನಾಳೆ ಬರುತ್ತೇನೋ ಇಲ್ಲವೋ ರಾತ್ರಿ ಎಂಟರೊಳಗೆ ತಿಳಿಸುತ್ತೇನೆ." ಐದು ಸಲ ಸಾರಿ ಬೇಡ, ಮನೆಯ ಕಥೆಯೂ ಬೇಡ. ಅತಿಯಾಗಿ ಕ್ಷಮೆ ಕೇಳಿದರೆ ನಾವೇ ಇದನ್ನು ತಪ್ಪು ಎಂದು ಒಪ್ಪಿಕೊಂಡಂತಾಗುತ್ತದೆ. ಸರ್ಕಾರಿ ನೌಕರಿಯಲ್ಲಿದ್ದರೆ ನಿಯಮವನ್ನೊಮ್ಮೆ ಓದಿಕೊಳ್ಳಿ: ಕೇಂದ್ರದಲ್ಲಿ ತಾಯಂದಿರಿಗೂ ಒಂಟಿ ತಂದೆಯರಿಗೂ ಇಡೀ ಸೇವಾವಧಿಗೆ 730 ದಿನ ಶಿಶುಪಾಲನಾ ರಜೆ ಇದೆ. ಕರ್ನಾಟಕ ಸರ್ಕಾರ 2021ರಲ್ಲಿ ತನ್ನ ಮಹಿಳಾ ನೌಕರರಿಗೆ 180 ದಿನ ಕೊಟ್ಟಿತು. ಖಾಸಗಿಯವರಿಗೆ ಸಿಕ್ಕಿರುವುದು ಕಡಿಮೆ. 50 ಅಥವಾ ಹೆಚ್ಚು ಕೆಲಸಗಾರರಿರುವ ಕಡೆ ಶಿಶುಪಾಲನಾ ಕೇಂದ್ರ ಇರಬೇಕು, ತಾಯಿ ದಿನಕ್ಕೆ ನಾಲ್ಕು ಸಲ ಹೋಗಿ ಬರಬಹುದು ಎಂದು ಹೆರಿಗೆ ಸೌಲಭ್ಯ ಕಾಯ್ದೆಯ 2017ರ ತಿದ್ದುಪಡಿ ಹೇಳಿತು. ಆದರೆ ಜ್ವರ ಬಂದ ಮಗುವನ್ನು ಅಲ್ಲಿಯೂ ಸೇರಿಸಿಕೊಳ್ಳುವುದಿಲ್ಲ. ಗಾರ್ಮೆಂಟ್ಸ್‌ನಲ್ಲಿ ದುಡಿಯುವ ತಾಯಿಗೆ ಒಂದು ದಿನದ ರಜೆ ಎಂದರೆ ಒಂದು ದಿನದ ಕೂಲಿ. ಅವಳ ಗಿಲ್ಟ್ ಬಗ್ಗೆ ಉಪದೇಶ ಮಾಡುವ ಮೊದಲು ಇದು ನೆನಪಿರಬೇಕು.

ಸಹಾಯ ಕೇಳುವುದಕ್ಕೂ ಒಂದು ಕ್ರಮವಿದೆ. 'ಏನಾದ್ರೂ ಬೇಕಿದ್ರೆ ಹೇಳಮ್ಮ' ಎನ್ನುವವರು ಸುಳ್ಳು ಹೇಳುತ್ತಿರುವುದಿಲ್ಲ, ಅವರಿಗೆ ಏನು ಮಾಡಬೇಕೆಂದು ಗೊತ್ತಿರುವುದಿಲ್ಲ. "ಆಂಟಿ, ನಾಲ್ಕು ಗಂಟೆಗೆ ಗೇಟ್ ಹತ್ತಿರ ನಿಂತು ದೊಡ್ಡವಳನ್ನ ವ್ಯಾನಿಂದ ಇಳಿಸ್ಕೊಂಡು ಐದರವರೆಗೆ ನಿಮ್ಮನೇಲಿ ಕೂರಿಸ್ಕೋತೀರಾ?" ಎಂದು ಕೇಳಿದರೆ ಹೂಂ ಎನ್ನುವುದು ಸುಲಭ. ಶಾಲೆಯಲ್ಲಿ ಮಗುವನ್ನು ಕರೆದೊಯ್ಯಬಹುದಾದ ಇಬ್ಬರ ಹೆಸರು, ಫೋಟೋ, ಫೋನ್ ನಂಬರು ಮೊದಲೇ ಕೊಟ್ಟಿರಬೇಕು. ಆ ದಿನ ಫೋನಲ್ಲಿ ಹೇಳಿದರೆ ಒಳ್ಳೆಯ ಶಾಲೆ ಒಪ್ಪುವುದಿಲ್ಲ, ಒಪ್ಪಲೂ ಬಾರದು.

ಜ್ವರವಿಲ್ಲದ ಮಗುವಿನ ಪಾಡು ಬೇರೆ. ಬೆಳಗ್ಗೆಯಿಂದ ಆರು ವರ್ಷದವಳಿಗೆ ಸಿಕ್ಕಿರುವುದು 'ಬೇಗ ಹಾಕ್ಕೋ', 'ಸದ್ದು ಮಾಡಬೇಡ'. ಸಂಜೆ ಅವಳು ತಟ್ಟೆ ದೂಡುತ್ತಾಳೆ. ಅದು ಹಟವಲ್ಲ, ಸರದಿ ಕೇಳುವ ರೀತಿ. ಚಿಕ್ಕವನು ಮಲಗಿದಾಗ ಪಾತ್ರೆ ತೊಳೆಯದೆ ಹತ್ತು ನಿಮಿಷ ಅವಳ ಪಕ್ಕ ಕೂತುಕೊಳ್ಳಿ, ಫೋನ್ ಇನ್ನೊಂದು ಕೋಣೆಯಲ್ಲಿರಲಿ, ಆಟ ಅವಳು ಹೇಳಿದ್ದೇ. ಊಟಕ್ಕೆ ಗಂಜಿ, ಅನ್ನ, ತಿಳಿಸಾರು ಧಾರಾಳ ಸಾಕು. ಒಂದು ದಿನ ಎರಡು ಗಂಟೆ ಕಾರ್ಟೂನ್ ನೋಡಿದರೆ ಯಾವ ಮಗುವೂ ಹಾಳಾಗುವುದಿಲ್ಲ.

ಇಷ್ಟೆಲ್ಲ ಮಾಡಿದರೂ ಏಳು ಗಂಟೆಗೆ ಕಿರುಚಿಬಿಡುವುದುಂಟು. ಹಲ್ಲು ಕಚ್ಚಿಕೊಳ್ಳುವುದು, ದನಿ ಏರುವುದು, ಪಾತ್ರೆ ಕುಕ್ಕುವುದು ಮುನ್ಸೂಚನೆ. ಆಗ ಚಿಕ್ಕವನನ್ನು ಬೀಳದ ಜಾಗದಲ್ಲಿ, ನೆಲದ ಹಾಸಿಗೆಯ ಮೇಲೆ ಬಿಟ್ಟು, ಸ್ಟವ್ ಆರಿಸಿ, ಬಚ್ಚಲಿಗೆ ಹೋಗಿ ಮುಖಕ್ಕೆ ತಣ್ಣೀರು ಹಾಕಿಕೊಳ್ಳಿ. ನಾಲ್ಕು ಎಣಿಸುತ್ತ ಉಸಿರು ಒಳಗೆ, ಆರು ಎಣಿಸುತ್ತ ಹೊರಗೆ, ಎರಡು ನಿಮಿಷ. ಅಷ್ಟು ಹೊತ್ತು ಮಗು ಅತ್ತರೆ ಅಪಾಯವಿಲ್ಲ. ಕಿರುಚಿಯೇ ಬಿಟ್ಟಿದ್ದರೆ ಅದನ್ನು ರಿಪೇರಿ ಮಾಡಬಹುದು. ದೊಡ್ಡವಳ ಎತ್ತರಕ್ಕೆ ಕೂತು, "ಅಮ್ಮ ಜೋರಾಗಿ ಕಿರುಚಿದೆ. ನಿಂಗೆ ಭಯ ಆಯ್ತು. ಅದು ನಿನ್ನ ತಪ್ಪಲ್ಲ, ಅಮ್ಮಂಗೆ ಸುಸ್ತಾಗಿತ್ತು," ಎಂದು ನಿಲ್ಲಿಸಿ. 'ಆದ್ರೆ ನೀನು ಹಾಗೆ ಮಾಡಿದ್ದಕ್ಕೇ' ಸೇರಿಸಿದರೆ ಕ್ಷಮೆ ಹೋಗಿ ದೂರಾಯಿತು. 'ನಾನು ಕೆಟ್ಟ ಅಮ್ಮನಾ?' ಎಂದು ಅಳುವುದೂ ಬೇಡ, ಆಗ ಆರು ವರ್ಷದವಳು ನಮ್ಮನ್ನು ಸಮಾಧಾನ ಮಾಡಬೇಕಾಗುತ್ತದೆ. ಚಾಕ್ಲೇಟ್ ಕೊಟ್ಟು ಮುಚ್ಚಿಹಾಕುವುದಂತೂ ಬೇಡವೇ ಬೇಡ.

ಆದರೆ ಎರಡು ವಾರ ಕಳೆದರೂ ಮನಸ್ಸು ಏಳದಿದ್ದರೆ, ಮಕ್ಕಳು ಮಲಗಿದ ಮೇಲೂ ನಿದ್ದೆ ಬಾರದಿದ್ದರೆ, ನಾನಿಲ್ಲದಿದ್ದರೇ ಇವರಿಗೆ ಒಳ್ಳೆಯದು ಎಂಬ ಯೋಚನೆ ಒಂದೇ ಸಲ ಬಂದರೂ, ಅದು ಹಾಳೆಯಲ್ಲಿ ಬಗೆಹರಿಯುವ ವಿಷಯವಲ್ಲ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ದಿನದ 24 ಗಂಟೆ, ಉಚಿತ, ಕನ್ನಡದಲ್ಲೇ ಮಾತಾಡುತ್ತಾರೆ.

ಮಂಗಳವಾರದ ತೀರ್ಮಾನವನ್ನು ಮಂಗಳವಾರ ಬೆಳಗ್ಗೆಗೆ ಬಿಡಬೇಡಿ. ಔಷಧಿಯಿಲ್ಲದೆ 24 ಗಂಟೆ ಜ್ವರ ಬರದಿದ್ದರೆ ಮಾತ್ರ ಡೇ ಕೇರ್ ಎಂಬುದು ಹಾಳೆಯ ಕೊನೆಯ ಸಾಲು. ಸಂಜೆ ಆರಕ್ಕೆ ಮತ್ತೆ 101 ಬಂದಿದ್ದರೆ ನಾಳೆಯೂ ರಜೆ ಎಂದಾಯಿತು, ಆಫೀಸಿಗೆ ಎಂಟರೊಳಗೆ ಮೆಸೇಜು ಹಾಕಿ ಮಲಗಿ.