ಕೊನೆಯ ಏಟು ಯಾರದು?

ಆ್ಯಕ್ಷನ್ ಆನಿಮೇಷನ್ ಸೀರೀಸ್‌ನಲ್ಲಿ ಹೆಣ್ಣು ಪಾತ್ರದ ಬಗ್ಗೆ "ಇವಳು ಭಾರೀ ಗಟ್ಟಿಗಿತ್ತಿ" ಎಂದು ಪಕ್ಕದ ಪಾತ್ರಗಳ ಬಾಯಲ್ಲಿ ಹೇಳಿಸುವುದು ಖರ್ಚಿಲ್ಲದ ಕೆಲಸ. ಕಥೆ ಅವಳಿಗೆ ನಿಜವಾಗಿ ಎಷ್ಟು ಜಾಗ ಕೊಟ್ಟಿದೆ ಎಂದು ತಿಳಿಯಬೇಕಾದರೆ ಹೊಡೆದಾಟದ ಲೆಕ್ಕ ತೆಗೆಯಬೇಕು. ಒಂದು ಫೈಟ್ ಆರಿಸಿಕೊಂಡು ಮ್ಯೂಟ್ ಮಾಡಿ ಎರಡು ಸಲ ನೋಡಿ. ಮೊದಲ ಸಲ ನೋಡಬೇಕಾದ್ದು: ಶುರು ಮಾಡಿದ್ದು ಯಾರು, ಕೊನೆಯ ಏಟು ಯಾರದು, ಬಿದ್ದರೆ ಅವಳು ಎದ್ದು ಬರುತ್ತಾಳೋ ಇಲ್ಲ ಪ್ರಜ್ಞೆ ತಪ್ಪಿ ಆ ಕಂತಿನಿಂದಲೇ ಮಾಯವಾಗುತ್ತಾಳೋ. ಎರಡನೇ ಸಲ, ಏಟು ಬಿದ್ದ ತಕ್ಷಣ ಕ್ಯಾಮೆರಾ ಯಾರ ಮುಖಕ್ಕೆ ಹೋಗುತ್ತದೆ ಎಂಬುದನ್ನು ಮಾತ್ರ ಗಮನಿಸಿ. ಗಾಯ ಅವಳದು, ಪರದೆ ತುಂಬುವುದು ಹೀರೋನ ಸಿಟ್ಟಿನ ಮುಖ ಎಂದಾದರೆ ಆ ಗಾಯ ಅವನ ಕಥೆಯ ಖಾತೆಗೆ ಹೋಯಿತು. ನಮ್ಮ ಹಳೇ ಸಿನಿಮಾಗಳಲ್ಲಿ ಕಂಬ ಹಿಡಿದು ನಾಯಕನ ಹೆಸರು ಕೂಗುತ್ತಿದ್ದ ನಾಯಕಿಯ ಕೈಗೆ ಇಲ್ಲಿ ಕತ್ತಿ ಕೊಟ್ಟಿದ್ದಾರೆ, ಅಷ್ಟೇ.

ಅಮೆರಿಕನ್ ಕಾಮಿಕ್ಸ್‌ನ ಈ ಚಾಳಿಯನ್ನು ಕಾಮಿಕ್ಸ್ ಲೇಖಕಿ ಗೇಲ್ ಸಿಮೋನ್ 1999ರಲ್ಲೇ ಪಟ್ಟಿ ಮಾಡಿ ತೋರಿಸಿದ್ದರು. ಸತ್ತವರು, ಅಂಗ ಊನವಾದವರು, ಶಕ್ತಿ ಕಳೆದುಕೊಂಡವರು, ಹೀಗೆ ಹೆಣ್ಣು ಪಾತ್ರಗಳ ಹೆಸರು ಸಾಲುಸಾಲಾಗಿ. ಆನಿಮೇಷನ್‌ನಲ್ಲಿ ಇದೇ ಚಾಳಿ ಇನ್ನೊಂದು ವೇಷದಲ್ಲೂ ಬರುತ್ತದೆ: ತಂಡದ ಹುಡುಗಿಗೆ ಚಿಕಿತ್ಸೆಯ ವಿದ್ಯೆ ಕೊಟ್ಟು ಹಿಂದಿನ ಸಾಲಿಗೆ ಕಳಿಸುವುದು.

ಜಪಾನಿನ ನಿಂಜಾ ಕಥೆ ನರುಟೊ ಸೀರೀಸ್‌ನ ಸಕುರಾ ಇದಕ್ಕೆ ಹೇಳಿ ಮಾಡಿಸಿದ ಉದಾಹರಣೆ. ಮರ ಹತ್ತುವ ತರಬೇತಿಯಲ್ಲಿ ತಂಡದ ಮೂವರಲ್ಲಿ ಮೊದಲು ಪಾಸಾಗುವವಳು ಅವಳೇ. ಆದರೆ ಮುಂದೆ ವೈದ್ಯ ಗುರು ಸುನಾಡೆಯ ಬಳಿ ಅವಳು ಕಲಿತ ವಿದ್ಯೆಯ ಬಹುಪಾಲು ಮೊದಲ ಸರಣಿಗೂ ಅದರ ಮುಂದುವರಿಕೆಗೂ ನಡುವಿನ ಎರಡೂವರೆ ವರ್ಷದ ಅಂತರದಲ್ಲಿ, ಪರದೆಯ ಆಚೆಗೇ ನಡೆದುಹೋಗುತ್ತದೆ. ಆಮೇಲೆ ಸುನಾಡೆಯ ನಿಯಮಗಳು ಬರುತ್ತವೆ: ವೈದ್ಯ ನಿಂಜಾ ಮುಂಚೂಣಿಯಲ್ಲಿ ನಿಲ್ಲಬಾರದು, ತಂಡದಲ್ಲಿ ಎಲ್ಲರಿಗಿಂತ ಕೊನೆಗೆ ಸಾಯಬೇಕು. ತರ್ಕ ಸರಿಯಾಗಿಯೇ ಇದೆ, ತೊಂದರೆಯೂ ಅದೇ. ಅವಳನ್ನು ಹಿಂದೆ ನಿಲ್ಲಿಸಲು ಕಥೆಗಾರನಿಗೆ ಕಥೆಯ ಒಳಗಿನಿಂದಲೇ ಪರವಾನಗಿ ಸಿಕ್ಕಿತು. ಅವಳ ಅತ್ಯುತ್ತಮ ಫೈಟ್ ಬೊಂಬೆಗಳನ್ನು ಆಡಿಸುವ ಖಳ ಸಸೋರಿಯ ವಿರುದ್ಧದ್ದು. ವಿಷಕ್ಕೆ ತಾನೇ ಮದ್ದು ತಯಾರಿಸಿ, ಅದರ ಪ್ರಭಾವ ಕೆಲವೇ ನಿಮಿಷ ಇರುತ್ತದೆಂದು ಗೊತ್ತಿದ್ದೂ ನುಗ್ಗುತ್ತಾಳೆ. ಅಲ್ಲಿಯೂ ಆರಂಭದಲ್ಲಿ ಅವಳನ್ನು ದಾರಗಳಿಂದ ಆಡಿಸುವುದು ಜೊತೆಗಿದ್ದ ಬೊಂಬೆಯಾಟದ ನಿಂಜಾ ಚಿಯೊ ಅಜ್ಜಿ, ಕೊನೆಯ ಏಟೂ ಅಜ್ಜಿಯ ಬೊಂಬೆಗಳದೇ.

ದೀರ್ಘ ಸೀರೀಸ್‌ಗಳಲ್ಲಿ ಹೀರೋನ ಶಕ್ತಿ ಬೆಳೆಯುತ್ತಲೇ ಹೋಗುತ್ತದೆ, ಉಳಿದವರೆಲ್ಲ ಹಿಂದೆ ಬೀಳುವುದು ಸಹಜ ಎಂಬ ಸಮರ್ಥನೆ ಇದೆ. ಅರ್ಧ ನಿಜ. ಅದೇ ಸೀರೀಸ್‌ನಲ್ಲಿ ಶಿಕಮಾರು ತನ್ನ ಗುರುವನ್ನು ಕೊಂದ ಹಿದಾನ್‌ನನ್ನು ಸ್ವಂತ ಯೋಜನೆಯಿಂದ ಗುಂಡಿಗೆ ತಳ್ಳುತ್ತಾನೆ. ಹಿಂದೆ ಬಿದ್ದ ಗಂಡು ಪಾತ್ರಕ್ಕೆ ಸಿಕ್ಕ ಆ ಒಂದು ಪೂರ್ತಿ ಗೆಲುವು ಮೂವರ ಮೂಲ ತಂಡದವಳಾದ ಸಕುರಾಗೆ ಯಾಕಿಲ್ಲ?

ಇದರ ಪಕ್ಕಕ್ಕೆ ಅವತಾರ್: ದಿ ಲಾಸ್ಟ್ ಏರ್‌ಬೆಂಡರ್ ಇಡಿ. 2005ರಿಂದ 2008ರವರೆಗೆ ನಿಕಲೋಡಿಯನ್‌ನಲ್ಲಿ ಬಂದ ಅಮೆರಿಕನ್ ಸೀರೀಸ್, ಒಟ್ಟು 61 ಕಂತು. ಇದರಲ್ಲಿ ನೀರನ್ನೇ ಆಯುಧವಾಗಿ ಆಡಿಸುವ ಕಟಾರಾಗೂ ಚಿಕಿತ್ಸೆಯ ವಿದ್ಯೆ ಇದೆ. ಆದರೆ ಅದು ಅವಳಿಗೆ ಸಿಗುವ ಹೊತ್ತಿಗೆ ನಾವು ಅವಳು ಹೆಣಗುವುದನ್ನು ನೋಡಿಯಾಗಿರುತ್ತದೆ. ಮೊದಲ ಸೀಸನ್‌ನ 9ನೇ ಕಂತಿನಲ್ಲಿ ಕದ್ದ ಸುರುಳಿ ಮುಂದಿಟ್ಟುಕೊಂಡು ನೀರಿನ ಚಾವಟಿ ಬೀಸಲು ಹೋಗಿ ಸೋಲುತ್ತಾಳೆ, ಕಥಾನಾಯಕ ಆಂಗ್ ಅದನ್ನು ಚಿಟಿಕೆ ಹೊಡೆದಷ್ಟು ಹೊತ್ತಿನಲ್ಲಿ ಕಲಿತದ್ದಕ್ಕೆ ಹೊಟ್ಟೆ ಉರಿದುಕೊಳ್ಳುತ್ತಾಳೆ. 16ರಲ್ಲಿ ಸುಟ್ಟ ಕೈಯನ್ನು ನೀರಿಗೆ ಅದ್ದಿದಾಗ ಗಾಯ ಮಾಯುವುದನ್ನು ಕಂಡುಕೊಳ್ಳುತ್ತಾಳೆ. 18ರಲ್ಲಿ ಉತ್ತರದ ನೀರಿನ ವಿದ್ಯೆಯ ಗುರು ಪಾಕು ಹೆಂಗಸರಿಗೆ ಚಿಕಿತ್ಸೆ ಮಾತ್ರ, ಯುದ್ಧವಿದ್ಯೆ ಇಲ್ಲ ಎನ್ನುತ್ತಾನೆ. ಸಕುರಾಳ ಲೋಕದಲ್ಲಿ ನಿಯಮವಾಗಿ ನಿಂತದ್ದು ಇಲ್ಲಿ ಜಗಳಕ್ಕೆ ಕಾರಣವಾಗುತ್ತದೆ.

ಆ ಫೈಟ್ ಅವಳು ಸೋಲುತ್ತಾಳೆ. ಆದರೂ ಅದು ಒಳ್ಳೆಯ ಬರವಣಿಗೆ. ಪಾಕುವಿನ ನೀರಿನ ರಭಸಕ್ಕೆ ಜಾರದಂತೆ ಕಾಲನ್ನು ಹಿಮಕ್ಕೆ ಅಂಟಿಸಿಕೊಂಡು ನಿಲ್ಲುತ್ತಾಳೆ, ಮಂಜಿನ ಬಿಲ್ಲೆಗಳನ್ನು ಎಸೆಯುತ್ತಾಳೆ, ಜಡೆ ಬಿಚ್ಚಿಹೋದರೂ ಮುಂದುವರಿಯುತ್ತಾಳೆ. ಒಂದೊಂದು ಚಲನೆಗೂ ಕಾರಣವಿದೆ. ಬರಹಗಾರರು ಎಡವಿದ್ದು ಅದರ ನಂತರ. ಪಾಕು ಮನಸ್ಸು ಬದಲಿಸುವುದು ಅವಳ ಸಾಮರ್ಥ್ಯ ಕಂಡು ಅಲ್ಲ. ಕೆಳಗೆ ಬಿದ್ದ ಅವಳ ಕಂಠಹಾರ ತಾನು ಹಿಂದೆ ನಿಶ್ಚಿತಾರ್ಥಕ್ಕೆ ಮಾಡಿಕೊಟ್ಟದ್ದು, ತನ್ನನ್ನು ಬಿಟ್ಟುಹೋದವಳು ಇವಳ ಅಜ್ಜಿ ಎಂದು ಗೊತ್ತಾಗಿ. ಹುಡುಗಿ ಬೆವರು ಸುರಿಸಿದಳು, ಮುದುಕನ ಹಳೇ ಪ್ರೀತಿ ಬಾಗಿಲು ತೆರೆಸಿತು. ಅಭಿಮಾನಿಗಳು ಈ ಕಂತನ್ನು ಹೊಗಳುವಾಗ ಇದನ್ನು ಹಾರಿಸಿಬಿಡುತ್ತಾರೆ.

ಸಾಲ ತೀರುವುದು ಕೊನೆಯ ಕಂತುಗಳಲ್ಲಿ. ಎದುರಾಳಿ ರಾಜಕುಮಾರಿ ಅಜುಲಾ ಕಟಾರಾಳತ್ತ ಸಿಡಿಲು ಬಿಡುತ್ತಾಳೆ, ಅಡ್ಡ ಬಂದ ಅಜುಲಾಳ ಅಣ್ಣ ಜೂಕೊ ಬೀಳುತ್ತಾನೆ. ಈ ಬಾರಿ ಗಾಯ ಗಂಡಿನದು, ಮುಗಿಸುವ ಹೊಣೆ ಹೆಣ್ಣಿನದು. ಕಟಾರಾ ಅಜುಲಾಳನ್ನು ನೀರಿನ ಕಾಲುವೆಯ ಜಾಲರಿಯ ಮೇಲೆ ಬರಮಾಡಿಕೊಂಡು ತನ್ನನ್ನೂ ಅವಳನ್ನೂ ಒಟ್ಟಿಗೆ ಮಂಜುಗಡ್ಡೆಯೊಳಗೆ ಹಿಡಿಯುತ್ತಾಳೆ. ತನ್ನ ಸುತ್ತಲಷ್ಟೇ ಮಂಜು ಕರಗಿಸಿ, ಸರಪಳಿಯಿಂದ ಅಜುಲಾಳ ಕೈಗಳನ್ನು ಜಾಲರಿಗೆ ಬಿಗಿಯುತ್ತಾಳೆ. ಆಮೇಲೆ ಅದೇ ಕೈಯಿಂದ ಜೂಕೊನ ಗಾಯ ವಾಸಿ ಮಾಡುತ್ತಾಳೆ.

ಇದೇ ಸೀರೀಸ್‌ನ ಟಾಫ್ ವಿಷಯಕ್ಕೆ ಬಂದರೆ, ಮೊದಲ ಯೋಚನೆಯಲ್ಲಿ ಆ ಪಾತ್ರ ದಪ್ಪ ಮೈಕಟ್ಟಿನ ಹುಡುಗನದು. ಹುಡುಗಿಯಾಗಿಸಿದ ಮೇಲೂ ಒರಟುತನವನ್ನು ತೆಳುಮಾಡಲಿಲ್ಲ. ಮಣ್ಣು-ಕಲ್ಲು ಆಡಿಸುವ ಉಳಿದ ಅರ್ಥ್‌ಬೆಂಡರ್‌ಗಳಿಗೆ ಹುಂಗ್ ಗಾರ್ ಎಂಬ ಕುಂಗ್ ಫೂ ಪಟ್ಟುಗಳಾದರೆ ಇವಳಿಗೆ ದಕ್ಷಿಣ ಚೀನಾದ ಪ್ರೇಯಿಂಗ್ ಮ್ಯಾಂಟಿಸ್ ಶೈಲಿ. ಕುರುಡಿ, ಕಾಲಿಗೆ ತಾಗುವ ಕಂಪನದಿಂದ ನೋಡುತ್ತಾಳೆ. ಮಿತಿಗಳೂ ಅಲ್ಲಿಂದಲೇ: ಮರಳಿನ ಮೇಲೆ ಎಲ್ಲ ಮಸುಕು, ಆಕಾಶದಲ್ಲಿ ಹಾರುವಾಗ ಏನೂ ಕಾಣದು, ಜೂಕೊ ಅಂಗಾಲು ಸುಟ್ಟಾಗ ಅಸಹಾಯಕಿ. ಶಕ್ತಿ ಎಲ್ಲಿ ನಿಲ್ಲುತ್ತದೆಂದು ಮೊದಲೇ ಹೇಳಿದ್ದರಿಂದ ಅವಳು ಸೋತಾಗ ಮೋಸ ಅನಿಸುವುದಿಲ್ಲ. ಹೆಣ್ಣು ಪಾತ್ರಗಳು ಕಥೆಯ ಅನುಕೂಲಕ್ಕೆ ಇದ್ದಕ್ಕಿದ್ದಂತೆ ದುರ್ಬಲರಾಗುವುದು ಹೆಚ್ಚಾಗಿ ಈ ಗೆರೆ ಎಳೆಯದ ಕಡೆ.

ಅಜುಲಾ ಬಗ್ಗೆ ಮಾತ್ರ ನನ್ನ ತಕರಾರು ಹೋಗಿಲ್ಲ. ಅಣ್ಣನಿಗೆ ತಿದ್ದಿಕೊಳ್ಳಲು ಮೂರು ಸೀಸನ್, ಜೊತೆಗೆ ಐರೋನಂಥ ದೊಡ್ಡಪ್ಪ. ಒಂದು ಕೂದಲೆಳೆ ಜಾಗ ತಪ್ಪಿದರೂ ಸಹಿಸದ ತಂಗಿಗೆ ಕೊನೆಯ ಕೆಲವು ಕಂತುಗಳಲ್ಲಿ ಗೆಳತಿಯರ ದ್ರೋಹ, ಕನ್ನಡಿಯಲ್ಲಿ ಅಮ್ಮ, ಹುಚ್ಚು. ತಪ್ಪು ಹುಚ್ಚು ಹಿಡಿಸಿದ್ದರಲ್ಲಿ ಇಲ್ಲ, ಅದಕ್ಕೆ ಕೊಟ್ಟ ಸಮಯದಲ್ಲಿದೆ.

ಇನ್ನು ಚಿತ್ರಿಸುವ ರೀತಿ. ಸೆಕೆಂಡಿಗೆ 24 ಫ್ರೇಮ್, ಜಪಾನಿನ ಟಿವಿ ಆನಿಮೆಯಲ್ಲಿ ಸಾಮಾನ್ಯವಾಗಿ ಮೂರು ಫ್ರೇಮಿಗೊಂದು ಚಿತ್ರ, ಅಂದರೆ ಸೆಕೆಂಡಿಗೆ 8. ಒಂದೇ ಚಿತ್ರದ ಮೇಲೆ ಕ್ಯಾಮೆರಾವನ್ನು ಕಾಲಿನಿಂದ ತಲೆಯವರೆಗೆ ಸರಿಸಿದರೆ ಮೂರ್ನಾಲ್ಕು ಸೆಕೆಂಡ್ ಅಗ್ಗದಲ್ಲಿ ತುಂಬುತ್ತದೆ. ಹುಡುಗಿಯ ಮೈ ಮೇಲೆ ನಿಧಾನಕ್ಕೆ ಹರಿದಾಡುವ ಆ ಶಾಟ್‌ಗಳ ಹಿಂದೆ ಚಪಲದ ಜೊತೆ ಈ ಉಳಿತಾಯವೂ ಇದೆ. ಆದರೆ ಅದೇ ಉಳಿತಾಯ ಹೀರೋನ ಮೈ ಮೇಲೆ ಎಷ್ಟು ಸಲ ಮಾಡುತ್ತಾರೆ ನೋಡಿ.

ಫೈಟ್‌ನಲ್ಲಿ ಮುಖಕ್ಕಿಂತ ಪಾದ ನೋಡಬೇಕು. ಗಂಡು ನೆಲ ಒದ್ದು ಹೊಡೆಯುತ್ತಾನೆ, ಹೆಣ್ಣು ಗಾಳಿಯಲ್ಲಿ ಪಲ್ಟಿ ಹೊಡೆದು ಹಗುರಾಗಿ ಇಳಿಯುತ್ತಾಳೆ. ತೂಕವಿಲ್ಲದ ಮೈಯ ಏಟಿಗೂ ತೂಕವಿರುವುದಿಲ್ಲ. 2021ರ ಆರ್ಕೇನ್ ಸೀರೀಸ್‌ನ ನಾಯಕಿ ವೈ ಇದಕ್ಕೆ ವಿರುದ್ಧ: ಬಾಕ್ಸರ್ ನಿಲುವು, ಸುತ್ತಿದ ಬಟ್ಟೆಯ ಮುಷ್ಟಿ, ಏಟು ತಿಂದರೆ ಊದಿಕೊಳ್ಳುವ ಮುಖ. ಎದುರಾಳಿ ಸೆವಿಕಾ ಕೂಡ ಅಗಲ ಭುಜದ ಹೆಂಗಸೇ. ಅಟ್ಯಾಕ್ ಆನ್ ಟೈಟನ್‌ನ ಮಿಕಾಸಾಗೆ ಅಧಿಕೃತ ವಿವರದಲ್ಲೇ ನಾಯಕ ಎರೆನ್‌ನಷ್ಟೇ 170 ಸೆಂ.ಮೀ. ಎತ್ತರ, ತೂಕ ಅವನಿಗಿಂತ ಹೆಚ್ಚು. ಮೈ ಸರಿಯಾಗಿದೆ, ಆದರೆ ಅವಳ ನಿರ್ಧಾರಗಳ ಬಹುಪಾಲು ಎರೆನ್ ಸುತ್ತಲೇ ತಿರುಗುತ್ತವೆ.

ಗಾಯದ ಬೆಲೆ ನೋಡಬೇಕೆಂದರೆ ಅವತಾರ್‌ನ ಮುಂದುವರಿಕೆ ದಿ ಲೆಜೆಂಡ್ ಆಫ್ ಕೋರಾ (2012–2014). ಮೂರನೇ ಸೀಸನ್ ಕೊನೆಗೆ ವಿಷವೇರಿ ಕೋರಾ ಗಾಲಿಕುರ್ಚಿಗೆ ಬರುತ್ತಾಳೆ. ನಾಲ್ಕನೆಯದರ 2ನೇ ಕಂತು ಪೂರ್ತಿ ಅವಳು ಮತ್ತೆ ನಡೆಯಲು ಕಲಿಯುವುದಕ್ಕೆ, ಮೂರು ವರ್ಷ ಬೆನ್ನು ಬಿಡದ ಭಯಕ್ಕೆ ಮೀಸಲು. ಯಾವ ಹೀರೋನೂ ಅವಳ ಪರವಾಗಿ ಸೇಡು ತೀರಿಸಲು ಹೊರಡುವುದಿಲ್ಲ.

ಒಂದು ಸಂಜೆಯಲ್ಲಿ ಹೋಲಿಸಿ ನೋಡುವವರಿಗೆ: ಅವತಾರ್ ಮೊದಲ ಸೀಸನ್‌ನ 9 ಮತ್ತು 18, ನಂತರ ನೇರ 61ನೇ ಕಂತು, ಆಮೇಲೆ ಕೋರಾದ ಈ ಕಂತು. ತಲಾ ಇಪ್ಪತ್ಮೂರು ನಿಮಿಷದ ಆಸುಪಾಸು. 18ನ್ನು ನೋಡುವಾಗ ಹಾರ ಬೀಳುವ ಮೊದಲೇ ನಿಲ್ಲಿಸಿ, ಪಾಕು ಮನಸ್ಸು ಬದಲಿಸಲು ಅಷ್ಟೇ ಸಾಕಿತ್ತಲ್ಲವೇ ಎಂದು ಜೊತೆಗಿದ್ದವರನ್ನು ಕೇಳಿ. ಜಗಳ ಖಾತ್ರಿ.